ಪುಳಿ

ಕುಂಬಳೆಯ ಶಾಲೆಯ ಲ್ಯಾಬಿನಲ್ಲಿ
ಮೂವತ್ತೊಂದು ವರ್ಷ ಗಾಜು ತೊಳೆದವನು ನಾನು.
ಪಾಠ ಮಾಡಿದವನಲ್ಲ, ಬಾಗಿಲ ಸಂದಿನಲ್ಲಿ ನಿಂತು ಕೇಳಿದವನು.
ನೀಲಿ ಕಾಗದ ಕೆಂಪಾದರೆ ಆಮ್ಲ,
ಕೆಂಪು ನೀಲಿಯಾದರೆ ಪ್ರತ್ಯಾಮ್ಲ.
ಹತ್ತನೆಯದರಲ್ಲಿ ಡುಮ್ಕಿ ಹೊಡೆದರೂ
ಇಷ್ಟು ಬಾಯಿಪಾಠ.

ರಿಟೈರಾದ ದಿನ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು.
ಲಿಟ್ಮಸಿನ ಒಂದು ಪುಟ್ಟ ಪುಸ್ತಕವನ್ನು
ನಾನೇ ತೆಗೆದುಕೊಂಡೆ, ಯಾರಿಗೂ ಹೇಳದೆ.

ಪೂವಕ್ಕ ನಗಾಡಿದಳು:
"ಇದಕ್ಕೆ ಕಾಗದ ಬೇಕಾ ಮಾರಾಯ್ರೆ?"
ಅರಸಿನದ ನೀರಿಗೆ ಚಿಪ್ಪಿನ ಸುಣ್ಣ ಚಿಟಿಕೆ ಬಿಟ್ಟಳು.
ಬಟ್ಟಲು ನೆತ್ತರಾಯಿತು.
ಕೂಸುಗಳ ದೃಷ್ಟಿ ತೆಗೆಯುವ ಕುರ್ದಿ ಅದು,
ಅವಳಿಗೆ ಅವಳಮ್ಮ ಬಿಟ್ಟುಹೋದ ಲ್ಯಾಬು.
ಲಿಂಬೆ ಹಿಂಡಿದಳು, ಮತ್ತೆ ಹಳದಿ.
"ನೋಡಿ, ದೃಷ್ಟಿ ಹೋಯಿತು."

ಆಮೇಲೆ ಅವಳ ಕಾಲು ಬಾತಿತು.

ಕಾಸರಗೋಡಿನ ಡಾಕ್ಟರು, ಮಲಯಾಳದವರು, ರಿಪೋರ್ಟು ನೋಡಿ
ರಕ್ತದಲ್ಲಿ ಆಸಿಡ್ ಏರಿದೆ ಎಂದರು.
ನಾನು ಅವಳಿಗೆ ಕನ್ನಡದಲ್ಲಿ ಆಮ್ಲ ಎಂದೆ. ತಿಳಿಯಲಿಲ್ಲ.
ತುಳುವಿನಲ್ಲಿ ಪುಳಿ ಎಂದೆ.
ಡಾಕ್ಟರು ತಲೆಯೆತ್ತಿದರು: ಪುಳಿ, ಅದೇ, ಪುಳಿ.
ಒಂದು ಗಳಿಗೆ ಮೂವರೂ
ಅದೇ ಶಬ್ದದ ಅಡಿಯಲ್ಲಿ ಒತ್ತಿ ಕೂತೆವು,
ಬಿಸಿಲಿಗೆ ಬಸ್ಸು ಕಾಯುವವರು
ಮಾಡಿನ ನೆರಳಿಗೆ ಸರಿದುಕೊಂಡ ಹಾಗೆ.
"ನಾನು ಬಿಂಬುಳಿ ಹಾಕುವುದು ಮೀನಿಗೆ ಮಾತ್ರ,"
ತಪ್ಪೊಪ್ಪಿಕೊಂಡಳು ಪೂವಕ್ಕ.

ನಾಲಗೆಯ ಹುಳಿಯಲ್ಲವಂತೆ ಅದು.
ಉಂಡದ್ದೆಲ್ಲ ಒಳಗೆ ಉರಿದು ಬೂದಿಯಾಗುತ್ತದೆ,
ದಿನದಿನದ ಬೂದಿ ದಿನದಿನವೇ ಆಚೆ ಹೋಗಬೇಕು,
ಆ ಕೆಲಸ ಕಿಡ್ನಿಯದ್ದು.
ನೆತ್ತರಿನ ಹದ ಕೂದಲೆಳೆಯಷ್ಟೂ ಅಲುಗದ ಹಾಗೆ
ಹಗಲೂ ರಾತ್ರಿ ತೊಳೆಯುವುದು.
ನನಗೆ ಥಟ್ಟನೆ ಅರ್ಥವಾಯಿತು:
ಅಟೆಂಡರು.
ಗಾಜು ಹೊಳೆಯುವವರೆಗೂ
ಅವನ ಹೆಸರು ಯಾರಿಗೂ ಬೇಕಾಗುವುದಿಲ್ಲ.

ಭಾವ ದೂಮಪ್ಪ ಉಪ್ಪಳದ ಶಿಬಿರದಿಂದ ಚಾರ್ಟು ತಂದ.
ಹಸಿರು ಕಾಲಮ್ಮಿನಲ್ಲಿ ಲಿಂಬೆ, ಬೊಂಡ, ಬಾಳೆಹಣ್ಣು,
ಕೆಂಪಿನಲ್ಲಿ ಮೀನು, ಕುಚ್ಚಲಕ್ಕಿ, ಚಾ.
"ಲಿಂಬೆ ಹುಳಿಯಲ್ಲವಾ?" ಎಂದೆ.
"ಹೊರಗೆ ಹುಳಿ ಭಾವ, ಒಳಗೆ ಕ್ಷಾರ."
ಅಷ್ಟು ದೊಡ್ಡ ಮಾತಿಗೆ ನನ್ನಲ್ಲಿ ಕಾಗದ ಇರಲಿಲ್ಲ.
ಬೊಂಡವೇ ಬೇಡ ಎಂದಿದ್ದರು ಡಾಕ್ಟರು,
ಪೊಟ್ಯಾಶಿಯಂ ಏರಿದರೆ ಎದೆ ನಿಲ್ಲುತ್ತದಂತೆ.
ಪ್ರೀತಿಯಿಂದ ಅವನು ಹೊತ್ತು ತಂದ ನಾಲ್ಕು ಬೊಂಡ
ಜಗಲಿಯಲ್ಲೇ ಒಣಗಿದವು.
ಹೇಳುವುದು ಹೇಗೆ ಎಂದು ಇಬ್ಬರೂ ಸುಮ್ಮನಿದ್ದೆವು.

ಈಗ ಬಸಳೆಯನ್ನು ಬೇಯಿಸಿ ನೀರು ಚೆಲ್ಲುತ್ತಾಳೆ,
ಮತ್ತೆ ಬೇಯಿಸುತ್ತಾಳೆ.
ರುಚಿಯೆಲ್ಲ ಬಚ್ಚಲ ಕಡೆಗೆ ಹರಿಯುವುದನ್ನು
ಸೌಟು ಹಿಡಿದು ನಿಂತು ನೋಡುತ್ತಾಳೆ,
ಬಸ್ಸು ಹತ್ತಿ ಹೋದ ನೆಂಟರನ್ನು ನೋಡುವಂತೆ.

ಊಟದ ನಂತರ ಬಿಳಿ ಗುಳಿಗೆ.
ಸೋಡಿಯಂ ಬೈಕಾರ್ಬನೇಟ್.
ಈ ಹೆಸರನ್ನು ನಾನು ಎಷ್ಟು ಬಾಟಲಿಗೆ ಅಂಟಿಸಿದ್ದೇನೋ,
ಒತ್ತಕ್ಷರ ತಪ್ಪಿಸಿ ಹೆಡ್ಮಾಸ್ಟರರ ಬೈಗುಳ ತಿಂದಿದ್ದೇನೋ.
"ಗೋಳಿಬಜೆಗೆ ಹಾಕುವ ಸೋಡವೇ ಅಲ್ಲವಾ ಇದು?"
ಹೌದು.
"ಹಾಗಾದರೆ ನಾನು ಉಬ್ಬಬೇಕು," ಎಂದು
ಬಾತ ಕಾಲು ತೋರಿಸಿದಳು. ನಗು ಬರಲಿಲ್ಲ ನನಗೆ,
ಅವಳಿಗೆ ಬಂತು.

ರಾತ್ರಿ ಅವಳ ಉಸಿರು ಉದ್ದ, ಬಿರುಸು.
ಒಳಗಿನ ಹುಳಿಯನ್ನು ಗಾಳಿಯ ದಾರಿಯಲ್ಲಿ
ಹೊರಗೆ ಹಾಕುತ್ತಿದೆ ದೇಹ.
ಅಟೆಂಡರು ರಜೆ ಹಾಕಿದರೆ
ಪಕ್ಕದ ಕ್ಲಾಸಿನವನು ಬಂದು ಗುಡಿಸಿದ ಹಾಗೆ.

ಎದ್ದೆ. ಟ್ರಂಕಿನಿಂದ ಆ ಪುಸ್ತಕ ತೆಗೆದು
ಒಂದು ನೀಲಿ ಪಟ್ಟಿ ಹರಿದು
ಅವಳ ತುಟಿಗೆ ಮೆತ್ತಗೆ ಮುಟ್ಟಿಸಿದೆ.
ನಾಲಗೆಯ ನೀರು ನೆತ್ತರಿನ ಸುದ್ದಿ ಹೇಳುವುದಿಲ್ಲ,
ಗೊತ್ತಿತ್ತು. ಕೈ ಕೇಳಲಿಲ್ಲ.

"ಪಾಸಾ?"
ಕಣ್ಣು ಮುಚ್ಚಿಯೇ ಕೇಳಿದಳು.
ಝೀರೋ ಬಲ್ಬಿನ ಬೆಳಕಿನಲ್ಲಿ ಬಣ್ಣ ಗೊತ್ತಾಗುವುದಿಲ್ಲ ಎಂದೆ.
"ಹಾಗಾದರೆ ಬೆಳಗ್ಗೆ ನೋಡಿ.
ಮೀನಿನ ಅಬ್ಬೋನು ಬರುತ್ತಾನೆ,
ಎರಡು ಬಂಗುಡೆ ತೆಗೆದಿಡಿ.
ನಿಮಗೆ."