ಅಗಸಿ

ಟೆಲಿಫೋನ್ ಆಫೀಸಿನವರು ಪುಕಟ ಕೊಟ್ಟ ಡಬ್ಬಿ
ಜೋಡಿಗೆ ಒಂದು ಸಿಡಿ ತಂದಿತ್ತು.
ಸಿಡಿಗೆ ವಿಂಡೋಸ್ ಬೇಕಂತ. ನಮ್ಮನ್ಯಾಗ
ಖಿಡಕಿ ಅವ ಎರಡು,
ಅವೂ ಬಿಸಲಿಗೆ ಮುಚ್ಚೇ ಇರ್ತಾವ.
ಬಂದ ಹುಡುಗ ತಲಿ ತುರಿಸಿ, ಚಾ ಕುಡದು ಹೋದ.

ನಾನು ಗಂಜಿನ ನಾಕು ಅಡತಿ ಅಂಗಡಿ ಲೆಕ್ಕ ಬರಿಯಾಕಿ.
ಮುದಿ ಆದವು ಅಂತ ಅವರು ಒಗದ ಮಷಿನುಗಳಿಗೆ
ಲಿನಕ್ಸ್ ಹಾಕಿ ಎಬ್ಬಿಸಿ ಕುಂದರಿಸೀನಿ.
ಒಂದಕ್ಕ ತೊಗರಿ ಅಂತ ಕರದೆ, ಒಂದಕ್ಕ ಕುಸುಬಿ.
ಮೂರನೇದರ ಹೆಸರು, ಹೆಸರು.
ಮ್ಯಾಲಿನ್ಮನಿ ಪದ್ದಕ್ಕ ಇದಕ್ಕ ಈಗೂ ನಗತಾಳ.

ಲತೀಫ್ ಭಾಯಿ ಎಂಟು ಕೊಂಬಿನದು ಮೊದಲು ಮುಂದಿಟ್ಟ:
"ಗೇಮಿಂಗಿಂದು ಅಕ್ಕೋರೆ, ಕಲಬುರಗ್ಯಾಗ ಇದಕ್ಕಿಂತ ಮ್ಯಾಲಿಲ್ಲ."
ಆಡೂದು ಏನದ? ನಂದು ಕ್ವಿಂಟಲ್, ಹಮಾಲಿ, ಚೀಲದ ತೂಕ.
ಕೊಂಬು ಬಿಡು, ತೂತು ಎಷ್ಟವ ಅಂದೆ.
ನಮ್ಮ ಗ್ವಾಡಿ ಶಹಾಬಾದ್ ಕಲ್ಲಿಂದು, ಮೊಳ ದಪ್ಪ.
ಅತ್ತಿ ಕೂಗಿದ್ದೇ ನಡುಮನಿಗೆ ಮುಟ್ಟಂಗಿಲ್ಲ,
ಗಾಳಿ ಮ್ಯಾಲಿನ ಸುದ್ದಿ ಹ್ಯಾಂಗ ಮುಟ್ಟೀತು?

ಇನ್ನೊಂದು ತಗದ. ನಾಕು ತೂತು, ಅಗ್ಗ, ಚಂದ.
ಕೀಲಿ ಬೆನ್ನ ಮ್ಯಾಲೇ ಬರದಾರ:
ಅಡ್ಮಿನ್, ಅಡ್ಮಿನ್.
ಇಡೀ ಊರಿಗೆ ಒಂದೇ ಕೀಲಿ ಹಂಚೋ ಬೀಗ!
ಬದಲಿ ಮಾಡಬೌದು, ಖರೆ. ಒಳಗಿನ ಸಾಫ್ಟ್‌ವೇರು
ಕಂಪನಿ ಕೈಬಿಟ್ಟು ಮೂರು ವರ್ಷ ಆಗ್ಯದ,
ತಿದ್ದತೀನಂದ್ರ ಒಳಗ ಬಿಡಂಗಿಲ್ಲ.
ವಾಪಸ್ ಕೊಟ್ಟೆ. ಲತೀಫ್ ಭಾಯಿ ಮೋತಿ ಸಣ್ಣದಾತು.

ಕಡೀಕ ಟೇಬಲ್ ಕೆಳಗ ಕಾಲಿಗೆ ಒಂದು ತಾಕಿತು:
ಯಾವುದೋ ಲಾಜಿಂದು, ಹಳೇದು,
ಮೈಮ್ಯಾಲ ಸುಣ್ಣದ ಹನಿ.
ನಂಬರು ಚೀಟ್ಯಾಗ ಬರಕೊಂಡು ಬಂದು
ರಾತ್ರಿ ಫೋನಿನ್ಯಾಗ ಹುಡುಕಿದೆ.
ತನ್ನದು ಅಳಿಸಿ ನಮ್ಮದು ಹಾಕ್ಕೋತದಂತ.
ಹನ್ನೆರಡು ವೋಲ್ಟ್, ಕರೆಂಟ್ ಹೋದರ ತಕ್ಕಡಿ ಬ್ಯಾಟರಿ ಸಾಕು.
ಮರುದಿನ ಮತ್ತ ಹೋದೆ. ಆರನೂರ ಐವತ್ತು ಅಂದ,
ಆರನೂರಕ್ಕ ಕೂಡ್ತು.

ಮೊದಲಿಂದು ಮೇ ತಿಂಗಳದಾಗ ಬೆಂದು ಸತ್ತಿತ್ತು.
ಇದಕ್ಕ ಹರವಿ ಕಟ್ಟಿ ಬಾಜೂಕ ಜಾಗ ಕೊಟ್ಟೆ, ತಂಪಿಗೆ.
ನೀರು ಸಿಡದರ? ಅಂದಳು ಅತ್ತಿ.
ನೋಡೂಣು.

ಪರದಿ ಮ್ಯಾಲ ಹೆಸರು ಕೇಳಿತು.
ಒಳಗ ಬರೂದು, ಹೊರಗ ಹೋಗೂದು
ಎಲ್ಲಾ ಇದರ ಕೆಳಗೇ ಹಾಯಬೇಕು.
ಅಗಸಿ, ಅಂತ ಟೈಪ್ ಮಾಡಿದೆ.
"ಅಗಸಿ ಹಿಂಡಿ ಕುಟ್ಟತೀಯೇನ?"
ಕಟಕರೊಟ್ಟಿ ಮುರಕೋತ ಬೆನ್ನ ಹಿಂದ ಅತ್ತಿ.
ಹೌದತ್ತಿ, ಅದೂ ಕಾಳೇ, ಚೀಲಕ್ಕ ಕೂಡತದ ಅಂದೆ.

ನನ್ನ ತವರೂರಿನ ಅಗಸಿಗೆ ಕದ ಇಲ್ಲ,
ಬಿಜಾಗರಿ ಅಷ್ಟೇ ಉಳದಾವ, ಹುಡುಗರು ಜೋತು ಬೀಳ್ತಾರ.
ಇದಕ್ಕ ನಾನೇ ಕದ ಹಚ್ಚಿದೆ, ಒಂದೊಂದೇ ಸಾಲು ಬರದು:
ಯಾರು ಒಳಗ, ಯಾರು ಅಲ್ಲೇ ನಿಲ್ಲಬೇಕು.

ಹನ್ನೊಂದಕ್ಕ ಕೂಗಿ ನೋಡಿದೆ.
ತೊಗರಿ ಓ ಅಂತು.
ಹೆಸರು ಓ ಅಂತು, ರೆಪ್ಪಿ ಬಡಿಯೂದ್ರೊಳಗ.
ಕುಸುಬಿ ನಡುಮನ್ಯಾಗ ಸುಮ್ನ ಕುಂತದ.
ನಾಳಿಗೆ ಮಲ್ಕಣ್ಣಗ ಬರಾಕ ಹೇಳೀನಿ,
ಡ್ರಿಲ್ ತಗೊಂಡು.
ಅತ್ತಿಗಿನ್ನೂ ಹೇಳಿಲ್ಲ.