ಎರಡೂವರೆ ಶುಕ್ರವಾರ

ತೊಂಬತ್ತು ದಿನಾರು, ಎರಡೂವರೆ ಶುಕ್ರವಾರ.
ಅರ್ಧ ಯಾಕೆಂದರೆ, ಮೂರನೆಯದರ ಮಧ್ಯಾಹ್ನ
ಊಟದ ಶೆಡ್ಡನ್ನು ಕ್ರಿಕೆಟ್ಟಿನ ಬಹುಮಾನಕ್ಕೆ
ಮೊದಲೇ ಗೊತ್ತು ಮಾಡಿದ್ದರು.
ಅಷ್ಟರೊಳಗೆ ನಾನು ಹೇಳಬೇಕು:
ಸಲ್ಮಾಬಾದಿನ ಆರು ಕ್ಯಾಂಪುಗಳಲ್ಲಿ
ಸಂಬಳದ ಚೀಟಿ ಓದಲು ಕಲಿಸಿದ ರಾತ್ರಿ ತರಗತಿ
ಹತ್ತಿತೋ, ಇಲ್ಲವೋ.

ಪ್ರಶ್ನೆ ಹದಿನಾಲ್ಕು, ಭಾಷೆ ಎಂಟು.
ದುಡ್ಡಿದ್ದದ್ದು ಮೂರರ ಅನುವಾದಕ್ಕೆ.
ಮಿಕ್ಕವಕ್ಕೆ ಸಿಕ್ಕವರೇ ದುಭಾಷಿ:
ಪಶ್ತೋಗೆ ನೀರಿನ ಟ್ಯಾಂಕರಿನ ಜರ್ವಾಲಿ,
ಸಿಲ್ಹೆಟಿಗೆ ಕ್ಷೌರದಂಗಡಿಯ ಮುತಾಹರ್,
ತುಳುವಿಗೆ ನಾನೇ,
ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಕಲಿತ ಹರಕು ತುಳು.

'ನಿಮಗೆ ತೃಪ್ತಿಯಾಗಿದೆಯೇ?' ಎಂಬ ಐದನೆಯದು
ಮುತಾಹರನ ಬಾಯಿ ದಾಟುವಷ್ಟರಲ್ಲಿ
'ಹೊಟ್ಟೆ ತುಂಬಿತೇ?' ಆಗಿತ್ತು.
ನಲವತ್ತೊಂದು ಮಂದಿ ಹೌದೆಂದರು, ಪಾಪ,
ಶುಕ್ರವಾರವಲ್ಲವೇ, ಕೋಳಿ ಇತ್ತು.

ಓದು ಬಾರದವರಿಗೆಂದು
ಅಳುವಿನಿಂದ ನಗುವಿನವರೆಗೆ ಐದು ಮುಖ ಅಚ್ಚು ಹಾಕಿಸಿದ್ದೆ.
ಎಲ್ಲ ಬೆರಳೂ ಹೋದದ್ದು ಅತಿ ಅಗಲದ ನಗುವಿಗೆ.
ಫೋರ್‌ಮನ್ ಬಾಗಿಲಿಗೆ ಒರಗಿ
ಹಲ್ಲು ಚುಚ್ಚಿಕೊಳ್ಳುತ್ತಿದ್ದ.

ಪೋಶೆಟ್ಟಿ ನನ್ನ ಪಟ್ಟಿಯಲ್ಲಿರಲಿಲ್ಲ.
ನಿಜಾಮಾಬಾದಿನ ಕಡೆಯವ, ಪಾತ್ರೆ ತೊಳೆಯುವ ಕೆಲಸ.
ತರಗತಿ ನಡೆದದ್ದು ಅವನ ಕಿಟಕಿಯ ಆಚೆ.
ಅಕ್ಕಿಚೀಲದಡಿಯಿಂದ ಒಂದು ಚೀಟಿ ತೆಗೆದ,
ಮಡಿಕೆಗಳಲ್ಲಿ ಹರಿದಿತ್ತು.
ಇಪ್ಪತ್ತೆರಡು ತಾಸಿನ ಓವರ್‌ಟೈಮು ಹನ್ನೆರಡಾಗಿ ಬಿದ್ದ ಜಾಗಕ್ಕೆ
ಅರಿಶಿನದ ಬೆರಳಲ್ಲಿ ಸುತ್ತು ಹಾಕಿದ್ದ.
ಕೇಳಿದೆಯಾ ಅವರನ್ನು, ಅಂದೆ.
ಕೇಳಿದೆ, ಅಂದ. ಮುಂದಿನ ತಿಂಗಳೂ ಹನ್ನೆರಡೇ ಬಂತು.
ಆಮೇಲೆ ಸೋಪಿನ ಕೈ ಒರೆಸಿಕೊಂಡು,
'ಈಗ ಎಣಿಸ್ತೇನೆ ಅಂತ ಅವರಿಗೆ ಗೊತ್ತು' ಅಂದ.

ಇದನ್ನು ಯಾವ ಕಾಲಮಿಗೆ ಹಾಕಲಿ?
ಫಲಿಸಿತೆಂದರೆ ಹತ್ತು ತಾಸು ಇನ್ನೂ ಬಾಕಿ.
ಫಲಿಸಲಿಲ್ಲವೆಂದರೆ ಆ ಹಳದಿ ಸುತ್ತು?
ಮನಾಮದಿಂದ ಉಮೇರಾ ಮೇಡಮ್ಮಿನ ಫೋನು:
'ಕಥೆ ಬೇಡಮ್ಮ, ಶೇಕಡಾ ಎಷ್ಟು ಹೇಳು.'

ಕೊನೆಯ ಅರ್ಧ ದಿನ ಹೊರಟಾಗ
ರಾತ್ರಿ ಪಾಳಿಯವರ ಕೋಣೆಗಳ ಮುಂದೆ ಹಾದೆ.
ಪರದೆ ಎಳೆದಿತ್ತು, ಏಸಿ ಗುರುಗುಟ್ಟುತ್ತಿತ್ತು.
ಎಬ್ಬಿಸಲು ಮನಸ್ಸೂ ಇಲ್ಲ, ಹೊತ್ತೂ ಇಲ್ಲ.
ಹೊರಗಿದ್ದ ಚಪ್ಪಲಿ ಎಣಿಸಿದೆ,
ಮೂವತ್ತೆಂಟು ಜೊತೆ, ಒಂದು ಒಂಟಿ.

ವರದಿಯಲ್ಲಿ ಬರೆದೆ:
ಉತ್ತರಿಸದವರು, ಮೂವತ್ತೆಂಟು.
ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ:
ನಾವು ಕೇಳದವರು.
ಆ ಒಂಟಿ ಚಪ್ಪಲಿಯ ಲೆಕ್ಕ ಮಾತ್ರ
ಎರಡರಲ್ಲೂ ಸೇರಲಿಲ್ಲ.