ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು

ಮೊದಲು ನಿನ್ನ ತಂತಿಗಳನ್ನು ಸೊನ್ನೆ ಮಾಡಿಕೋ
ಅನ್ನುತ್ತಿದ್ದರು ಕೆಲಸ ಕಲಿಸಿದ ಐತಪ್ಪ ಮೇಸ್ತ್ರಿ.
ಎರಡು ಮೊನೆಗಳನ್ನು ಒಂದಕ್ಕೊಂದು ಒತ್ತಿ ಹಿಡಿ,
ಮೀಟರು ತೋರಿಸುವುದು ನಿನ್ನದೇ ಅಡ್ಡಿ.
ಅದನ್ನು ಕಳೆ. ಊರವರದ್ದು ಆಮೇಲೆ.

ಮಂಜೇಶ್ವರ, ಬಂದರಿನ ಪಕ್ಕದ ಐಸ್ ಪ್ಲಾಂಟು.
ಮೇನ್ ಇಳಿಸಿ ಬೀಗ ಜಡಿದು ಕೀಲಿ ಕಿಸೆಗೆ ಹಾಕಿದೆ.
ಕಂಪ್ರೆಸರ್ ನಿಂತ ಮೇಲೆ ಕೇಳಿಸಿತು
ಅಷ್ಟು ಹೊತ್ತೂ ಅಲ್ಲೇ ಇದ್ದ ಕಡಲು.
ಅರ್ಧ ಗಂಟೆ, ಹೆಚ್ಚಿಲ್ಲ,
ಎಂದರು ಮೆನೇಜರ್ ಕುಂಞಂಬು
ಮಲಯಾಳದಲ್ಲಿ, ಮತ್ತೆ ಕನ್ನಡದಲ್ಲಿ, ಮತ್ತೆ ವಾಚು ತಟ್ಟಿ.

ಬೋರ್ಡಿನ ಕೆಳಗೆ ಅರ್ತಿನ ತಾಮ್ರದ ಪಟ್ಟಿ.
ಅಲ್ಲಿಂದ ನೀರಿನ ಕೊಳವೆಗೆ ಹಸಿರು ಹಳದಿ ವೈರು,
ಇಪ್ಪತ್ತು ಮೀಟರ್ ಓಟ.
ಈ ಕಡೆಯ ತುದಿ ಬಿಚ್ಚಿದೆ.
ಬಿಚ್ಚದಿದ್ದರೆ ಕರೆಂಟು ಯಾವ್ಯಾವುದೋ ಕಬ್ಬಿಣ ಹಿಡಿದು
ಸುತ್ತಿ ಬಳಸಿ ಬಂದು
ನೆಟ್ಟಗೆ ಬಂದೆ ಅನ್ನುತ್ತದೆ.

ಉದ್ದದ ವೈರು ಬಿಡಿಸುತ್ತಾ ಹೋದ ಇಲ್ಯಾಸ,
ಉಪ್ಪಿನ ಮೂಟೆ, ಬಂಗುಡೆಯ ಖಾಲಿ ಕ್ರೇಟು ದಾಟಿ
ಮೊನೆಯನ್ನು ಕ್ಲ್ಯಾಂಪಿನ ಮೇಲೆ ಒತ್ತಿ, "ಕೊಟ್ಟೆ!"
ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು.
ಈ ದಪ್ಪದ, ಈ ಉದ್ದದ ತಾಮ್ರಕ್ಕೆ ಇಷ್ಟೇ ಇರಬೇಕು.
ಕಳೆದ ವರ್ಷದ ಪುಟದಲ್ಲೂ ಇದೇ ಅಂಕಿ,
ಕೆಳಗೆ ನನ್ನದೇ ಸಹಿ.

ಮೀಟರು ಚೀಲಕ್ಕೆ ಹಾಕುವಾಗ ಕಂಡಿತು
ನಳ್ಳಿಯ ಕಿವಿಗೆ ಸುತ್ತಿದ ಹಳೆಯ ಸೀರೆಯ ಅಂಚು.
ಇದು ಯಾಕೆ?
ಐಸ್ ಒಡೆಯುವ ಜಲಜಕ್ಕ ನನ್ನ ಮುಖ ನೋಡಲಿಲ್ಲ.
"ತುಚ್ಚುಂಡು" ಅಂದಳು.
"ಕಚ್ಚುತ್ತದೆ ಅಂತ ಹೋದ ವರ್ಷವೇ ಹೇಳಿದ್ದೆ.
ಚಪ್ಪಲಿ ಹಾಕಿಕೋ ಅಂತ ನೀವು ನಕ್ಕಿರಿ."

ನಕ್ಕಿದ್ದೆನೇ? ನೆನಪಿಲ್ಲ.
ನಗುವ ಅಭ್ಯಾಸವಂತೂ ಇದೆ.

ಇಲ್ಯಾಸಾ, ಕ್ಲ್ಯಾಂಪಿನ ಮೇಲೆ ಬೇಡ, ಕೊಳವೆಯ ಮೈಗೆ ಇಡು.
"ಪೈಂಟ್ ಇದೆಯಲ್ಲ?"
ಕೆರೆ.
ಅರದ ಮೂಲೆಯಲ್ಲಿ ಕೆರೆದ. ಹಸಿರಿನ ಅಡಿಯಲ್ಲಿ ನೀಲಿ,
ನೀಲಿಯ ಅಡಿಯಲ್ಲಿ ಕಾವಿ,
ಅದರಡಿ ಬೆಳ್ಳಗೆ ಹೊಳೆಯಿತು ಕಬ್ಬಿಣ.
"ಕೊಟ್ಟೆ!"
ಏನೂ ಇಲ್ಲ.
"ಕೊಟ್ಟೇ ಇದ್ದೇನೆ!"
ಮೀಟರಿನಲ್ಲಿ ಒಂದು ಅಂಕಿಯೂ ಇಲ್ಲ.

ಇಪ್ಪತ್ತು ಮೀಟರ್ ನಡೆದು ಬಂದ ತಾಮ್ರ
ಕೂದಲೆಳೆಯಷ್ಟು ಬಣ್ಣ ದಾಟಿರಲಿಲ್ಲ.
ಕ್ಲ್ಯಾಂಪು ಕೊಳವೆಯನ್ನು ತಬ್ಬಿಕೊಂಡೇ ಇತ್ತು,
ಸ್ಕ್ರೂ ಬಿಗಿ, ಒಂದು ಸುತ್ತೂ ಸಡಿಲವಿಲ್ಲ,
ಬಿಚ್ಚಬಾರದು ಎಂಬ ತಗಡು ಕೊರಳಲ್ಲಿ.
ಕಡಲ ಗಾಳಿಗೆ ತುಕ್ಕು ಹಿಡಿಯದಿರಲಿ ಅಂತ ಯಾರೋ ಬಣ್ಣ ಹೊಡೆದರು,
ಚಂದದ ಬಣ್ಣ ಕೆಡದಿರಲಿ ಅಂತ ಯಾರೋ ಅದರ ಮೇಲೇ ಕಟ್ಟಿದರು.
ನಾನು ಮೊನೆಯನ್ನು ಎಲ್ಲಿ ಸುಲಭವೋ ಅಲ್ಲಿ ಇಟ್ಟೆ.

ಕ್ಲ್ಯಾಂಪು ಬಿಚ್ಚಿ ಕೊಳವೆಯ ಸುತ್ತಲೂ ಉಜ್ಜಿದೆವು,
ಬೆರಳ ಸಂದಿಯಲ್ಲಿ ಮೂರು ಬಣ್ಣದ ಪುಡಿ.
ಹೊಸ ಕ್ಲ್ಯಾಂಪು. ಈಗ ಕೊಳವೆಯ ಮೈ ಮೇಲೆ:
ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು.
ಅದೇ ಅಂಕಿ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ.
ಬಿಚ್ಚಿದ ತುದಿಯನ್ನು ಪಟ್ಟಿಗೆ ಮತ್ತೆ ಕಟ್ಟಿದೆ, ಎಳೆದು ನೋಡಿದೆ.
ಪಂಪಿನ ಮೋಟರು ಸೋರುತ್ತಿತ್ತು;
ರಿಪೇರಿ ಆಗುವ ತನಕ ಹಾಕಕೂಡದೆಂದು ಅದರ ಫ್ಯೂಸು ಕಿತ್ತು
ಕೀಲಿಯ ಜೊತೆ ಇಟ್ಟುಕೊಂಡೆ.

ರಿಜಿಸ್ಟರಿನ ಹಳೆಯ ಸಾಲಿನ ಪಕ್ಕ ಕನ್ನಡದಲ್ಲಿ ಬರೆದೆ:
ಕ್ಲ್ಯಾಂಪಿನ ಮೇಲೆ ಅಳೆದದ್ದು, ಕೊಳವೆಯ ಮೇಲಲ್ಲ.
ಏನದು, ಓದು, ಎಂದರು ಕುಂಞಂಬು.
ಓದಿದೆ.
"ಅದನ್ನು ಬರೆಯಬೇಕಿತ್ತಾ?"
ಎರಡನೇ ಸಲ ಓದಲು ಹೇಳಲಿಲ್ಲ.

ಮೇನ್ ಏರಿಸಿದೆ. ಕಂಪ್ರೆಸರ್ ಗುಡುಗಿತು. ಕಡಲು ಇಲ್ಲವಾಯಿತು.
ಟಾಂಕಿಯ ನೀರು ಇನ್ನೂ ಇತ್ತು.
ಬುಟ್ಟಿ ತೊಳೆಯಲು ಬಂದ ಜಲಜಕ್ಕ
ನಳ್ಳಿಗೆ ಮೊದಲು ಹಿಂಗೈ ತಾಗಿಸಿದಳು,
ವೈರಿಂಗಿನವರು ಮುಟ್ಟುವ ಹಾಗೆ, ಬೆರಳು ಮಡಿಸಿ.
ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ.
ಆಮೇಲೆ ಅಂಗೈ.
ಸೀರೆಯ ಅಂಚು ಬಿಚ್ಚಲಿಲ್ಲ.